ಬೆಂಚು ಖಾಲಿಯಾದ ಮೇಲೆ ಊಟ

ಕತ್ತರಿಯಣ್ಣನ ಕ್ಷೌರದಂಗಡಿಯಲ್ಲಿ ಎರಡು ಕುರ್ಚಿ, ಒಂದು ಉದ್ದನೆಯ ಬೆಂಚು. ಒಂದು ಕುರ್ಚಿ ಅವನದು, ಇನ್ನೊಂದು ಅವನ ತಮ್ಮನದು. ಬೆಂಚು ಮಾತ್ರ ಎಲ್ಲರದು. ಕೂದಲು ಕತ್ತರಿಸಿಕೊಳ್ಳಲು ಬಂದವರು, ಪುಕ್ಕಟೆ ಪೇಪರ್ ಓದಲು ಬಂದವರು, ಮನೆಯಲ್ಲಿ ತಮ್ಮ ಮಾತಿಗೆ ಕಿವಿ ಸಿಗದೆ ಬಂದವರು, ಎಲ್ಲರೂ ಅಲ್ಲೇ ಕೂರುತ್ತಾರೆ. ಕತ್ತರಿಯಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಅದನ್ನು ಕೇಳಿದರೆ ಅವನ ಹೆಂಡತಿಯೂ ಒಂದು ಕ್ಷಣ ಯೋಚಿಸಬೇಕಾಗುತ್ತದೆ.

ಅಂಗಡಿ ಅಪ್ಪನಿಂದ ಬಂದದ್ದು. ಕುರ್ಚಿ, ಕನ್ನಡಿಗಳ ಜೊತೆಗೆ ಅಪ್ಪ ಒಂದು ನಿಯಮವನ್ನೂ ಬಿಟ್ಟುಹೋಗಿದ್ದ. ಬೆಂಚಿನಲ್ಲಿ ಗಿರಾಕಿ ಕಾಯುತ್ತಿರುವಾಗ ಕುರ್ಚಿಯವನು ಊಟಕ್ಕೆ ಏಳಬಾರದು. ತಮ್ಮ ಈ ನಿಯಮವನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಟ್ಟವನು. ಹೊಟ್ಟೆ ಚುರುಗುಟ್ಟಿದರೆ ಕೈಲಿದ್ದ ತಲೆ ಮುಗಿಸಿ, ಬಟ್ಟೆ ಕೊಡವಿ ಮನೆಗೆ ನಡೆದುಬಿಡುತ್ತಿದ್ದ. ಕತ್ತರಿಯಣ್ಣ ಹಾಗಲ್ಲ. ಹೆಂಡತಿ ಕಟ್ಟಿಕೊಟ್ಟ ಊಟದ ಡಬ್ಬಿ ಮೊಳೆಗೆ ನೇತಾಡುತ್ತಿರುತ್ತಿತ್ತು, ಅವನು ಅದಕ್ಕೆ ಬೆನ್ನು ಹಾಕಿ ನಿಂತಿರುತ್ತಿದ್ದ. ಕಾದು ಕೂತವರ ಎದುರು ಬಾಯಿ ಆಡಿಸುವುದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ ಎಂಬುದು ಅವನ ಅಭಿಪ್ರಾಯ.

ಎರಡು ವರ್ಷಗಳ ಹಿಂದೆ ಅವನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ಡಾಕ್ಟರಮ್ಮ ಎರಡು ಥರದ ಮಾತ್ರೆ ಬರೆದುಕೊಟ್ಟರು. ಒಂದನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗಬೇಕು, ಇನ್ನೊಂದನ್ನು ಊಟವಾದ ಮೇಲೆ. ಮಾತ್ರೆಯ ವಿಷಯದಲ್ಲಿ ಅವನನ್ನು ಯಾರೂ ಬೆರಳು ಮಾಡಿ ತೋರಿಸುವ ಹಾಗಿರಲಿಲ್ಲ. ಒಂದು ದಿನವೂ ತಪ್ಪಿಸಿದವನಲ್ಲ. ಸಿಹಿಯನ್ನು ಕಣ್ಣೆತ್ತಿಯೂ ನೋಡಿದವನಲ್ಲ.

ಅರ್ಧ ಗಂಟೆ ಮುಂಚೆ ಎಂಬುದಕ್ಕೆ ಅವನು ತನ್ನದೇ ಒಂದು ಲೆಕ್ಕ ಹುಡುಕಿಕೊಂಡಿದ್ದ. ಬೆಂಚಿನ ಕೊನೆಯ ಗಿರಾಕಿ ಎದ್ದು ಕುರ್ಚಿಗೆ ಬಂದ ಅಂದರೆ ಅವನಿಗೊಂದು ಕಟಿಂಗು, ಒಂದು ಶೇವಿಂಗು. ಅಲ್ಲಿಗೆ ಅರ್ಧ ಗಂಟೆ. ಆ ಗಿರಾಕಿಯ ಕುತ್ತಿಗೆಗೆ ಬಟ್ಟೆ ಕಟ್ಟುವಾಗಲೇ ಮಾತ್ರೆ ನುಂಗಿಬಿಟ್ಟರೆ, ಕೈ ತೊಳೆದು ಡಬ್ಬಿ ಬಿಚ್ಚುವ ಹೊತ್ತಿಗೆ ಸಮಯ ಸರಿಹೋಗುತ್ತದೆ. ಗಡಿಯಾರವನ್ನು ನೋಡುವ ಗೋಜೇ ಇಲ್ಲ. ಡಾಕ್ಟರೇ ಮೆಚ್ಚಬೇಕಾದ ಲೆಕ್ಕ ಅದು. ಅದರಲ್ಲಿ ಇದ್ದದ್ದು ಒಂದೇ ಐಬು. ಬೆಂಚು ಅವನ ಮಾತು ಕೇಳುತ್ತಿರಲಿಲ್ಲ.

ಕೊನೆಯವನ ತಲೆ ಅರ್ಧಕ್ಕೆ ಬಂದಿರುವಾಗ ಬಾಗಿಲಲ್ಲಿ ಇನ್ನೊಬ್ಬ ಕಾಣಿಸಿಕೊಳ್ಳುತ್ತಿದ್ದ. ಅವನ ಹಿಂದೆ ಮತ್ತೊಬ್ಬ. ಮಾತ್ರೆ ಆಗಲೇ ಹೊಟ್ಟೆ ಸೇರಿ ತನ್ನ ಕೆಲಸ ಶುರು ಮಾಡಿರುತ್ತಿತ್ತು. ಊಟ ಮಾತ್ರ ಮೊಳೆಗೇ ನೇತಾಡುತ್ತಿತ್ತು.

ಮಧ್ಯಾಹ್ನಕ್ಕೆ ಸರಿಯಾಗಿ ಹೆಂಡತಿ ಫೋನ್ ಮಾಡುತ್ತಿದ್ದಳು. ಮಾತ್ರೆ ತಗೊಂಡ್ರಾ ಅಂತ ಕೇಳುವಳು. ತಗೊಂಡೆ ಅನ್ನುವನು. ಅದು ಸುಳ್ಳೂ ಅಲ್ಲ. ಅವಳಿಗೆ ಅಷ್ಟು ಸಾಕು, ಅವನಿಗೂ ಅಷ್ಟು ಸಾಕು. ಪಕ್ಕದ ಟೀ ಅಂಗಡಿಯವನಿಗೂ ಅವಳು ತಾಕೀತು ಮಾಡಿಟ್ಟಿದ್ದಳು, ಇವರಿಗೆ ಒಂದು ಕಾಳು ಸಕ್ಕರೆ ಹಾಕಿದೆ ಅಂತ ಗೊತ್ತಾದರೆ ನಿನ್ನ ಅಂಗಡಿ ಮುಂದೆ ಬಂದು ನಿಲ್ಲುತ್ತೇನೆ ಅಂತ. ಟೀ ಅಂಗಡಿಯವನು ಹೆದರುವ ಪೈಕಿ ಅಲ್ಲ, ಆದರೆ ಆಕೆಯನ್ನು ಕಂಡರೆ ಹೆದರುತ್ತಿದ್ದ.

ಹೀಗೆ ಎಲ್ಲರೂ ಅಚ್ಚುಕಟ್ಟಾಗಿ ನೋಡಿಕೊಳ್ಳುತ್ತಿದ್ದ ಮನುಷ್ಯನಿಗೆ ಕೆಲವು ತಿಂಗಳಿಂದ ಮಧ್ಯಾಹ್ನವಾದರೆ ಕೈ ನಡುಗಲು ಶುರುವಾಯಿತು. ಫ್ಯಾನಿನ ಕೆಳಗೆ ನಿಂತಿದ್ದರೂ ಬೆವರು. ಎದೆ ಡವಡವ. ಮೂಗಿನ ತುದಿಯಲ್ಲೇ ಸಿಟ್ಟು. ಗಿರಾಕಿ ಏನಾದರೂ ಕೇಳಿದರೆ ಉತ್ತರ ಹುಡುಕಿಕೊಂಡು ಬರುವಷ್ಟರಲ್ಲಿ ಪ್ರಶ್ನೆ ಮರೆತುಹೋಗಿರುತ್ತಿತ್ತು. ಸಕ್ಕರೆ ಏರಿದೆ ಅಂದುಕೊಂಡ ಅವನು. ಏರಿದ್ದನ್ನು ಇಳಿಸಬೇಕಲ್ಲ, ಅದಕ್ಕೆ ಬೆಳಗಿನ ತಿಂಡಿಯನ್ನು ಅರ್ಧಕ್ಕೆ ಇಳಿಸಿದ. ನಡುಕ ಜಾಸ್ತಿಯಾಯಿತು. ಹಾಗಾದರೆ ಇನ್ನೂ ಏರಿದೆ ಅಂತ ಲೆಕ್ಕ ಹಾಕಿ, ಹಾಲು ಬೆರೆಸಿದ ಚಹಾವನ್ನೂ ಬಿಟ್ಟ.

ಮನೆಯಲ್ಲಿ ಸಕ್ಕರೆ ನೋಡುವ ಪುಟ್ಟ ಯಂತ್ರವೂ ಇತ್ತು. ಮದುವೆಯಾಗಿ ದೂರದಲ್ಲಿರುವ ಮಗಳು ತಂದುಕೊಟ್ಟದ್ದು. ಬೆಳಗ್ಗೆ ಎದ್ದವನೇ ಖಾಲಿ ಹೊಟ್ಟೆಯಲ್ಲಿ ಬೆರಳಿಗೆ ಚುಚ್ಚಿ ನೋಡುತ್ತಿದ್ದ. ಅಂಕಿ ಚೆನ್ನಾಗಿಯೇ ಇರುತ್ತಿತ್ತು. ಮಗಳಿಗೆ ಫೋನಿನಲ್ಲಿ ಹೇಳಿ ಶಹಬ್ಬಾಸ್ ಅನ್ನಿಸಿಕೊಂಡು, ಯಂತ್ರವನ್ನು ಡಬ್ಬಕ್ಕೆ ಹಾಕಿ ಬೀರುವಿನಲ್ಲಿ ಇಟ್ಟರೆ ಮತ್ತೆ ಮರುದಿನವೇ. ಮಧ್ಯಾಹ್ನ ಒಂದು ಸಲ ನೋಡೋಣ ಅಂತ ಅವನಿಗೂ ಹೊಳೆಯಲಿಲ್ಲ, ಮನೆಯವರಿಗೂ ಹೊಳೆಯಲಿಲ್ಲ.

ಒಂದು ದಿನ ಅವನ ಹೆಂಡತಿಯ ಅಣ್ಣ, ಅಂದರೆ ಭಾವ, ಶೇವಿಂಗಿಗೆ ಕೂತಿದ್ದ. ನಿವೃತ್ತ ಬಸ್ ಕಂಡಕ್ಟರ್. ಬಾಯಿಗೆ ಬ್ರೇಕಿಲ್ಲದ ಮನುಷ್ಯ. ಅವನು ಮಾತಾಡುತ್ತಲೇ ಇದ್ದ, ರೇಜರ್ ಜಾರಿ ಗಲ್ಲದ ಮೇಲೆ ಗೀರಾಯಿತು. ಪಟಿಕದ ತುಂಡು ಒತ್ತಿದರೂ ರಕ್ತ ನಿಲ್ಲಲು ಹೊತ್ತು ಹಿಡಿಯಿತು. ತಂಗಿಯನ್ನು ಕೊಟ್ಟಿದ್ದಕ್ಕೆ ಈಗ ಸೇಡು ತೀರಿಸಿಕೊಂಡೆಯಾ ಅಂತ ಭಾವ ನಕ್ಕುಬಿಟ್ಟ. ಪಕ್ಕದ ಕುರ್ಚಿಯ ತಮ್ಮ ನಗಲಿಲ್ಲ. ಮೂವತ್ತು ವರ್ಷದಲ್ಲಿ ಅಣ್ಣನ ಕೈ ಜಾರಿದ್ದನ್ನು ಅವನು ನೋಡಿದ್ದು ಅದೇ ಮೊದಲು.

 ಮರುದಿನದಿಂದ ತಮ್ಮ ಶೇವಿಂಗಿಗೆ ಬಂದವರನ್ನು ಇತ್ತ ಬನ್ನಿ ಅಂತ ತನ್ನ ಕುರ್ಚಿಗೇ ಕರೆಯತೊಡಗಿದ. ಅಣ್ಣನಿಗೆ ಕಟಿಂಗ್ ಮಾತ್ರ ಉಳಿಯಿತು. ಯಾಕೆ ಅಂತ ಕತ್ತರಿಯಣ್ಣ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ, ಆ ಭಯ. ಗಿರಾಕಿ ಕಣ್ಣು ಮುಚ್ಚಿ ಕುತ್ತಿಗೆ ಎತ್ತಿ ಕೊಡುತ್ತಾನೆ ಅಂದರೆ ಅದು ನಂಬಿಕೆ. ಆ ನಂಬಿಕೆ ಹೋದ ಮೇಲೆ ಅಂಗಡಿಯಲ್ಲಿ ತನಗೇನು ಕೆಲಸ, ಕೂದಲು ಗುಡಿಸುವುದೇ? ಈ ಯೋಚನೆಯಲ್ಲಿ ಅವನಿಗೆ ರಾತ್ರಿಯ ಊಟವೂ ಸೇರದಾಯಿತು.

ಊರಿಗೆ ವಾರದ ರಜೆ ಇರುವ ದಿನ ಅಂಗಡಿಗೆ ಜನ ಜಾಸ್ತಿ. ಅಂಥ ಒಂದು ದಿನ ಮಧ್ಯಾಹ್ನ ತಮ್ಮ ಎಂದಿನಂತೆ ಊಟಕ್ಕೆ ಮನೆಗೆ ಹೋದ. ಬೆಂಚಿನಲ್ಲಿ ಇನ್ನು ಉಳಿದವನು ಒಬ್ಬನೇ. ಪೇಪರ್ ಓದಲು ಬಂದು ಕೂತ ಭಾವನನ್ನು ಲೆಕ್ಕಕ್ಕೆ ಹಿಡಿಯುವ ಹಾಗಿರಲಿಲ್ಲ. ಕತ್ತರಿಯಣ್ಣ ಆ ಕೊನೆಯವನನ್ನು ಕುರ್ಚಿಗೆ ಕರೆದು ಮಾತ್ರೆ ನುಂಗಿದ. ಹೆಂಡತಿಯ ಫೋನ್ ಬಂತು, ತಗೊಂಡೆ ಅಂದ. ತಲೆ ಮುಗಿಯುವಷ್ಟರಲ್ಲಿ ಇಬ್ಬರು ಕಾಲೇಜು ಹುಡುಗರು ಬಂದು ಕೂತರು. ಅವರದ್ದು ಮುಗಿಯುವ ಹೊತ್ತಿಗೆ ಆರೋಗ್ಯ ಕೇಂದ್ರದ ಸಿಸ್ಟರ್ ತಂದೆಯನ್ನು ಕೈ ಹಿಡಿದು ಕರೆದುಕೊಂಡು ಬಂದರು. ಊರಲ್ಲಿ ಎಲ್ಲರೂ ಆಕೆಯನ್ನು ಸಿಸ್ಟರ್ ಅಂತಲೇ ಕರೆಯುವುದು. ತಂದೆ ಒಂದು ಕಾಲದಲ್ಲಿ ಲಾರಿ ಓಡಿಸಿದವರು. ಈಗ ಮಂಡಿ ನೋವು, ಒಬ್ಬರೇ ಓಡಾಡುವುದು ಕಷ್ಟ.

ಹಿರಿಯರನ್ನು ಕಾಯಿಸಬಾರದು. ಅವರಿಗೆ ಬೇಕಾದದ್ದು ಶೇವಿಂಗು. ಇತ್ತ ಬನ್ನಿ ಅಂತ ಕರೆಯಲು ತಮ್ಮನೂ ಇಲ್ಲ. ಕತ್ತರಿಯಣ್ಣ ಅವರನ್ನು ಕುರ್ಚಿಯಲ್ಲಿ ಕೂರಿಸಿ ನೊರೆ ಹಚ್ಚಿದ, ರೇಜರಿಗೆ ಹೊಸ ಬ್ಲೇಡು ಹಾಕಿದ. ಬ್ಲೇಡಿನ ಕಾಗದ ಬಿಚ್ಚುವುದಕ್ಕೇ ಅವನಿಗೆ ಸಾಕುಬೇಕಾಯಿತು. ಕೆನ್ನೆಯದು ಹೇಗೋ ಮುಗಿಯಿತು. ಕುತ್ತಿಗೆಗೆ ಬಂದಾಗ ಕನ್ನಡಿಯಲ್ಲಿದ್ದ ಮುಖ ಎರಡಾಗಿ ಕಂಡಿತು.

"ಅಲ್ಲಾಡಬೇಡಿ ಅಂತ ಎಷ್ಟು ಸಲ ಹೇಳೋದು ನಿಮಗೆ" ಎಂದು ಅವನು ಗದರಿದ.

ಹಿರಿಯರು ಅಲ್ಲಾಡಿರಲಿಲ್ಲ. ಅವನು ಮೊದಲೇನೂ ಹೇಳಿಯೂ ಇರಲಿಲ್ಲ. ಪೇಪರ್ ಓದುತ್ತಿದ್ದ ಭಾವ ತಲೆ ಎತ್ತಿದ. ಸಿಸ್ಟರ್ ನೋಡಿದರು. ಈ ಮನುಷ್ಯ ದನಿ ಎತ್ತಿದ್ದನ್ನು ಅವರು ಯಾವತ್ತೂ ಕೇಳಿದವರಲ್ಲ. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಮುಖ ಬಿಳಿಚಿಕೊಂಡಿತ್ತು, ರೇಜರ್ ಹಿಡಿದ ಕೈ ತಂದೆಯ ಗಂಟಲ ಹತ್ತಿರ ಗಡಗಡ ನಡುಗುತ್ತಿತ್ತು. ಸಿಸ್ಟರ್ ಎದ್ದು ಬಂದು ಅವನ ಮಣಿಕಟ್ಟು ಹಿಡಿದು, ರೇಜರನ್ನು ಮೆಲ್ಲಗೆ ಬಿಡಿಸಿಕೊಂಡು, ತಮ್ಮನ ಖಾಲಿ ಕುರ್ಚಿಯಲ್ಲಿ ಅವನನ್ನು ಕೂರಿಸಿದರು.

"ಏನಾಗ್ತಾ ಇದೆ ಅಣ್ಣ?"

"ಸಕ್ಕರೆ ಏರಿದೆ" ಅಂದ. ನಾಲಿಗೆ ತೊದಲಿತು. ಅಂಗಿಯ ಜೇಬಿಗೆ ಕೈ ಹಾಕಿ ತಡಕಾಡಿದ. ರಾತ್ರಿಗೆ ಅಂತ ಇಟ್ಟುಕೊಂಡಿದ್ದ ಮಾತ್ರೆ ಅಲ್ಲಿತ್ತು.

ಭಾವನಿಗೆ ಗಾಬರಿ. ನುಂಗಲಿ ಬಿಡಮ್ಮ, ಏರಿದ್ದು ಇಳಿಯಲಿ, ನಾನು ನೀರು ತರುತ್ತೇನೆ ಅಂತ ಎದ್ದೇಬಿಟ್ಟ. ಸಿಸ್ಟರ್ ಬೇಡ ಅಂದರು. ಏರಿದೆಯೋ ಇಳಿದಿದೆಯೋ ಕಣ್ಣಲ್ಲಿ ನೋಡಿ ಹೇಳುವುದಕ್ಕೆ ಆಗುವುದಿಲ್ಲ, ಮೊದಲು ನೋಡೋಣ ಅಂದರು. ತಂದೆಗೂ ಇದೇ ಕಾಯಿಲೆ ಇದ್ದದ್ದರಿಂದ ಅವರ ಚೀಲದಲ್ಲಿ ಯಂತ್ರ ಇದ್ದೇ ಇರುತ್ತಿತ್ತು. ಕತ್ತರಿಯಣ್ಣನ ಬೆರಳಿನ ಸೋಪಿನ ನೊರೆಯನ್ನು ನೀರಲ್ಲಿ ತೊಳೆದು, ಚೆನ್ನಾಗಿ ಒರೆಸಿ, ಬೆರಳ ತುದಿಯ ಬದಿಗೆ ಚುಚ್ಚಿದರು. ಯಂತ್ರ ಐವತ್ತೆರಡು ಅಂತ ತೋರಿಸಿತು.

ಭಾವ ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟ. "ಐವತ್ತೆರಡೇ? ಸದ್ಯ, ಕಮ್ಮಿನೇ ಇದೆಯಲ್ಲ. ನಾನು ಎಲ್ಲಿ ಮುನ್ನೂರು ದಾಟಿತೋ ಅಂದ್ಕೊಂಡೆ."

"ಕಮ್ಮಿ ಆಗಿರೋದೇ ತೊಂದರೆ" ಅಂದರು ಸಿಸ್ಟರ್. "ಎಪ್ಪತ್ತಕ್ಕಿಂತ ಕೆಳಗೆ ಇಳೀಬಾರದು. ಇನ್ನೂ ಇಳಿದ್ರೆ ಪ್ರಜ್ಞೆ ತಪ್ಪುತ್ತೆ, ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಈಗ ಆ ಮಾತ್ರೆ ನುಂಗಿದ್ರೆ ಉರಿಯೋ ಬೆಂಕಿಗೆ ಎಣ್ಣೆ ಸುರಿದ ಹಾಗೆ. ಓಡಿಹೋಗಿ ಪಕ್ಕದ ಅಂಗಡಿಯಿಂದ ಸಕ್ಕರೆ ತನ್ನಿ. ನಾಲ್ಕು ಚಮಚ, ಅರ್ಧ ಲೋಟ ನೀರಲ್ಲಿ ಕಲಸಿ."

ಸಕ್ಕರೆ ಕಾಯಿಲೆಯವನಿಗೆ ಸಕ್ಕರೆ! ಭಾವ ಅವರ ಮುಖವನ್ನೇ ನೋಡಿದ. ಆದರೂ ಓಡಿದ. ಟೀ ಅಂಗಡಿಯಲ್ಲಿ ಇನ್ನೊಂದು ರಗಳೆ ಕಾದಿತ್ತು. ಯಾರಿಗೆ ಅಂತ ಕೇಳಿದ ಅಂಗಡಿಯವನು ಸಕ್ಕರೆ ಡಬ್ಬದ ಮೇಲೆ ಕೈ ಇಟ್ಟುಕೊಂಡುಬಿಟ್ಟ. ಅಕ್ಕನಿಗೆ ಗೊತ್ತಾದರೆ ನನ್ನ ಗತಿ ಏನು, ನಾನು ಕೊಡುವುದಿಲ್ಲ ಅಂದ. ಆ ಅಕ್ಕನ ಅಣ್ಣ ನಾನೇ ಕಣೋ ಅಂತ ಭಾವ ಕೂಗಾಡಿದ. ಅದರಿಂದಲೂ ಕೆಲಸ ಆಗಲಿಲ್ಲ. ಕೊನೆಗೆ ಸಿಸ್ಟರೇ ಬಾಗಿಲಿಗೆ ಬಂದು ಒಂದು ಮಾತು ಹೇಳಿದ ಮೇಲೆ ಡಬ್ಬ ತೆರೆಯಿತು.

ಎಚ್ಚರ ಇದೆಯಾ, ನುಂಗಲು ಆಗುತ್ತಾ ಅಂತ ನೋಡಿಕೊಂಡೇ ಸಿಸ್ಟರ್ ಲೋಟವನ್ನು ಅವನ ಬಾಯಿಗಿಟ್ಟರು. ಎರಡು ವರ್ಷದ ಮೇಲೆ ನಾಲಿಗೆಗೆ ಸಿಹಿ ತಾಗಿತು. ಅವನಿಗೆ ಅದರ ರುಚಿಯೂ ಗೊತ್ತಾಗಲಿಲ್ಲ. ಕಾಲು ಗಂಟೆ ಬಿಟ್ಟು ಮತ್ತೆ ಚುಚ್ಚಿ ನೋಡಿದರು, ಎಂಬತ್ತೆಂಟು. ಬೆವರು ಆರಿತ್ತು. ಕನ್ನಡಿಯಲ್ಲಿ ಎಲ್ಲರಿಗೂ ಒಂದೊಂದೇ ಮುಖ ಇತ್ತು. ಕುತ್ತಿಗೆಯ ನೊರೆ ಹಾಗೇ ಇಟ್ಟುಕೊಂಡು ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹಿರಿಯರನ್ನು ನೋಡಿ ಕತ್ತರಿಯಣ್ಣನಿಗೆ ಆಗ ಎಲ್ಲವೂ ಅರ್ಥವಾಯಿತು. ರೇಜರ್ ಎಲ್ಲಿತ್ತು, ಕೈ ಹೇಗಿತ್ತು ಎಂಬುದೂ ಅರ್ಥವಾಯಿತು. ಅವನು ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಸಿಸ್ಟರ್ ಸಮಾಧಾನ ಮಾಡುತ್ತ ಕೂರಲಿಲ್ಲ. ಸಕ್ಕರೆ ನೀರು ಸ್ವಲ್ಪ ಹೊತ್ತಿಗೆ ಮಾತ್ರ, ಈಗ ಊಟ ಮಾಡಲೇಬೇಕು ಅಂತ ಡಬ್ಬಿ ಬಿಚ್ಚಿ ಎದುರಿಗಿಟ್ಟರು. ಸುದ್ದಿ ಕೇಳಿ ತಮ್ಮ ಓಡಿಬಂದ. ಅವನೇ ಹಿರಿಯರ ಉಳಿದ ಶೇವಿಂಗು ಮುಗಿಸಿದ. ಅಷ್ಟರಲ್ಲಿ ಭಾವ ಫೋನ್ ಮಾಡಿ ಕರೆಸಿದ್ದ ಹೆಂಡತಿಯೂ ಬಂದಳು. ಬಂದವಳಿಗೆ ಮೊದಲು ಕಂಡದ್ದು ಸಕ್ಕರೆ ಅಂಟಿದ ಲೋಟ.

ಅವಳಿಗೆ ಸಿಟ್ಟಿಗಿಂತ ಜಾಸ್ತಿ ನೋವಾಯಿತು. ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡೆ, ದಿನಾ ಫೋನ್ ಮಾಡಿ ಮಾತ್ರೆ ನೆನಪಿಸಿದೆ, ಆದರೂ ಹೀಗಾಯಿತಲ್ಲ ಅಂದಳು. ಇನ್ನು ಅಂಗಡಿ ಸಾಕು, ತಮ್ಮ ನೋಡಿಕೊಳ್ಳಲಿ, ನೀವು ಮನೆಯಲ್ಲಿರಿ ಅಂತಲೂ ಅಂದಳು. ಕತ್ತರಿಯಣ್ಣ ತುತ್ತು ಕೈಯಲ್ಲೇ ಹಿಡಿದು ತಮ್ಮನ ಕಡೆ ನೋಡಿದ. ತಮ್ಮ ಬಟ್ಟೆ ಕೊಡವುತ್ತ ನಿಂತಿದ್ದ. ಅತ್ತಿಗೆ ಹೇಳಿದ್ದು ತಪ್ಪು ಅಂತ ಅವನು ಹೇಳಲಿಲ್ಲ.

ಮಾತ್ರೆ ಎಷ್ಟು ಹೊತ್ತಿಗೆ ನುಂಗಿದಿರಿ, ಊಟ ಎಷ್ಟು ಹೊತ್ತಿಗೆ ಮಾಡುತ್ತೀರಿ ಅಂತ ಸಿಸ್ಟರ್ ಕೇಳಿದರು. ಅವನು ತನ್ನ ಲೆಕ್ಕವನ್ನು ಬಿಡಿಸಿ ಹೇಳಿದ. ಕಟಿಂಗು, ಶೇವಿಂಗು, ಬೆಂಚು ಎಲ್ಲ ಬಂತು. ಕೇಳುತ್ತ ಕೇಳುತ್ತ ಹೆಂಡತಿ ಅವನ ಎದುರಿದ್ದ ಡಬ್ಬಿಯ ಕಡೆ ನೋಡಿದಳು. ಊಟದ ಡಬ್ಬಿ ಸಂಜೆ ಖಾಲಿಯಾಗಿ ಬರುತ್ತಿತ್ತು, ಅದು ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ಅಂತ ಅವಳು ಯಾವತ್ತೂ ಕೇಳಿರಲಿಲ್ಲ.

"ಅಕ್ಕ, ಈ ಊಟಕ್ಕೆ ಮುಂಚಿನ ಮಾತ್ರೆ ಇದೆಯಲ್ಲ, ಅದು ಊಟ ಬರುತ್ತೆ ಅಂತ ನಂಬ್ಕೊಂಡು ಕೆಲಸ ಮಾಡೋದು" ಅಂದರು ಸಿಸ್ಟರ್. "ಊಟ ಬರಲಿಲ್ಲ ಅಂದ್ರೆ ಅದು ಸುಮ್ನೆ ಕೂರಲ್ಲ, ಇರೋ ಸಕ್ಕರೆಯನ್ನೇ ಇಳಿಸ್ತಾ ಹೋಗುತ್ತೆ. ಮಾತ್ರೆ ನುಂಗಿದ್ದು ತಪ್ಪಲ್ಲ. ನುಂಗಿ ಹಸ್ಕೊಂಡು ನಿಂತದ್ದು ತಪ್ಪು. ಅದರ ಮೇಲೆ ಇವರು ತಿಂಡಿ ಬೇರೆ ಕಮ್ಮಿ ಮಾಡಿದ್ದಾರೆ."

ಬೆಳಗ್ಗೆ ದಿನಾ ಯಂತ್ರದಲ್ಲಿ ನೋಡುತ್ತೇನೆ, ಸರಿಯಾಗಿಯೇ ಇರುತ್ತದೆ ಅಂತ ಕತ್ತರಿಯಣ್ಣ ವಾದಿಸಿದ. ಸೋತರೂ ಬಿಡುವವನಲ್ಲ.

"ಬೆಳಗ್ಗೆ ನೀವು ಬಾಗಿಲು ತೆಗೆದಾಗ ಬೆಂಚು ಖಾಲಿ ಇರುತ್ತೆ ತಾನೆ ಅಣ್ಣ? ಅದನ್ನ ನೋಡಿ ಇವತ್ತು ಗಿರಾಕಿನೇ ಇಲ್ಲ ಅಂತ ಬಾಗಿಲು ಹಾಕ್ಕೊಂಡು ಹೋಗ್ತೀರಾ?"

ಭಾವ ಗಹಗಹಿಸಿ ನಕ್ಕ. ಕತ್ತರಿಯಣ್ಣನ ತುಟಿಯಂಚಿಗೂ ನಗು ಬಂದು ಹೋಯಿತು. ಬೆಳಗಿನ ಅಂಕಿ ಬೆಳಗಿನದು, ಮಧ್ಯಾಹ್ನದ್ದು ಮಧ್ಯಾಹ್ನದ್ದೇ ಅಂತ ಸಿಸ್ಟರ್ ತಿಳಿಸಿ ಹೇಳಿದರು. ಡಾಕ್ಟರ್ ಹೇಳಿದ ಹಾಗೆ ಬೇರೆ ಬೇರೆ ಹೊತ್ತಿನಲ್ಲಿ, ಊಟಕ್ಕೆ ಮುಂಚೆ ಒಂದು ದಿನ, ಊಟ ಶುರು ಮಾಡಿ ಎರಡು ಗಂಟೆಯಾದ ಮೇಲೆ ಇನ್ನೊಂದು ದಿನ ನೋಡಬೇಕು. ನಡುಕವೋ ಬೆವರೋ ಬಂದಾಗಲಂತೂ ತಪ್ಪದೆ ನೋಡಬೇಕು. ಇವತ್ತು ಇಳಿದ ಸಕ್ಕರೆ ಮಾತ್ರೆಯ ಬಲ ಇರುವತನಕ ಮತ್ತೆ ಇಳಿದರೂ ಇಳಿಯಬಹುದು, ಅದಕ್ಕೆ ಈಗಲೇ ಆಸ್ಪತ್ರೆಗೆ ಹೋಗಿ ಅಂತ ಎಬ್ಬಿಸಿ ಕಳಿಸಿದರು.

ಡಾಕ್ಟರಮ್ಮ ಎಲ್ಲವನ್ನೂ ಕೇಳಿಕೊಂಡರು. ಎರಡು ವರ್ಷದಲ್ಲಿ ತಾವು ಕೇಳಿದ್ದು ಮಾತ್ರೆ ಸರಿಯಾಗಿ ತಗೊಳ್ತೀರಾ ಅಂತ ಮಾತ್ರ, ಇವರ ಊಟದ ಹೊತ್ತು ಕೇಳಿರಲಿಲ್ಲ ಅಂತ ಅವರೇ ಹೇಳಿದರು. ಸಂಜೆಯವರೆಗೂ ಅವನನ್ನು ಅಲ್ಲೇ ಇರಿಸಿಕೊಂಡು ಮತ್ತೆ ಮತ್ತೆ ಪರೀಕ್ಷಿಸಿದರು. ಮಾತ್ರೆಯ ಪ್ರಮಾಣವನ್ನು ಬದಲಿಸಿದರು. ಊಟ ಕಣ್ಣೆದುರು ಇಲ್ಲದೆ ಊಟದ ಮುಂಚಿನ ಮಾತ್ರೆಗೆ ಕೈ ಹಾಕಬಾರದು, ಒಂದು ಹೊತ್ತು ಮಾತ್ರೆ ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು, ಹೆಚ್ಚು ಕಮ್ಮಿ ಏನಿದ್ದರೂ ಡಾಕ್ಟರನ್ನು ಕೇಳದೆ ಮಾಡಬಾರದು ಅಂತ ಹೇಳಿ ಕಳಿಸಿದರು. ರೇಜರ್ ಹಿಡಿಯಬಹುದೇ ಅಂತ ಕತ್ತರಿಯಣ್ಣ ತಡವರಿಸುತ್ತ ಕೇಳಿದ. ಮೊದಲು ಎರಡು ವಾರ ಸಕ್ಕರೆ ಹೇಗಿರುತ್ತದೆ ನೋಡೋಣ, ಆಮೇಲೆ ಹೇಳುತ್ತೇನೆ ಅಂದರು.

ಮನೆಗೆ ಬಂದ ಮೇಲೆ ಮತ್ತೆ ಅದೇ ರಾಗ. ಎಲ್ಲ ಸರಿ, ಆದರೆ ಜನ ಕಾಯುತ್ತಿರುವಾಗ ಎದುರಿಗೇ ಕೂತು ಉಣ್ಣುವುದು ಹೇಗೆ, ಅಪ್ಪ ಬದುಕಿರುವ ತನಕ ಒಂದು ದಿನವೂ ಹಾಗೆ ಮಾಡಲಿಲ್ಲ ಅಂದ. ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ಅದೇ. ಮಾತ್ರೆ ಬಿಟ್ಟೇನು, ಅಪ್ಪನ ಮಾತು ಬಿಡಲಾರೆ ಎಂಬ ಹಟ.

ಹೆಂಡತಿ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. "ಅಲ್ಲ ರೀ, ಮಾವ ಬೆಂಚು ಖಾಲಿಯಾಗೋವರೆಗೂ ಊಟಕ್ಕೆ ಏಳ್ತಿರಲಿಲ್ಲ, ನಾನೂ ನೋಡಿದ್ದೀನಿ. ಆದ್ರೆ ಮಾವ ಈ ಮಾತ್ರೆ ನುಂಗಿ ಕಾಯ್ತಾ ಇದ್ರಾ?"

ಅವಳು ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು.

"ಗಿರಾಕಿ ಕಾಯಬಾರದು ಅನ್ನೋದು ಮಾವನ ಮಾತು. ಗಿರಾಕಿ ಕುತ್ತಿಗೆಗೆ ಏನಾದ್ರೂ ಪರವಾಗಿಲ್ಲ ಅಂತ ಮಾವ ಹೇಳಿದ್ರಾ?"

ಈ ಮಾತು ಅವನಿಗೆ ನಾಟಿತು. ಎದ್ದು ಹೋಗಿ ಬೀರುವಿನ ಬಾಗಿಲು ತೆಗೆದ.

ಮರುದಿನ ಅಂಗಡಿಯಲ್ಲಿ ಊಟದ ಹೊತ್ತಾಗುತ್ತಿದ್ದ ಹಾಗೆ ಅವನು ಮೊದಲು ಬೆರಳಿಗೆ ಚುಚ್ಚಿ ನೋಡಿಕೊಂಡ. ಮನೆಯ ಬೀರುವಿನಲ್ಲಿದ್ದ ಯಂತ್ರ ಈಗ ಅಂಗಡಿಯ ಡ್ರಾಯರಿಗೆ ಬಂದಿತ್ತು. ಡಬ್ಬಿಯನ್ನು ಮೊಳೆಯಿಂದ ಇಳಿಸಿ ಎದುರಿಗಿಟ್ಟು ಆಮೇಲೆ ಮಾತ್ರೆ ನುಂಗಿದ. ಕೈಲಿದ್ದ ಕಟಿಂಗ್ ಮುಗಿಸಿ, ಬೆಂಚಿನಲ್ಲಿದ್ದ ಮೂವರಿಗೆ ಊಟ ಮಾಡಿ ಬರುತ್ತೇನೆ ಅಂತ ಹೇಳಿದ. ಹೇಳುವಾಗ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಒಬ್ಬ ಗಡಿಯಾರ ನೋಡಿ, ಗೊಣಗಿ, ಎದ್ದು ಹೋದ. ಉಳಿದ ಇಬ್ಬರು ಪೇಪರನ್ನು ಹಂಚಿಕೊಂಡು ಕೂತರು. ಹಿಂದಿನ ಸಣ್ಣ ಕೋಣೆಯಲ್ಲಿ ಕೂತು ಉಣ್ಣುವಾಗ ಮೊದಲ ತುತ್ತಿಗೆ ಎರಡು ಸಲ ಬೆಂಚಿನ ಕಡೆ ಇಣುಕಿದ. ಎರಡನೆಯದಕ್ಕೆ ಇಣುಕಲಿಲ್ಲ. ಎದ್ದು ಹೋದವನು ಸಂಜೆ ತಾನಾಗಿ ವಾಪಸ್ ಬಂದ, ಕೂದಲು ಬೆಳೆದ ತಲೆ ಹೊತ್ತು ಎಲ್ಲಿಗೆ ಹೋಗುತ್ತಾನೆ.

ಎರಡು ವಾರ ಅವನು ಅಂಕಿಗಳನ್ನು ನೋಡಿದ. ಒಂದು ದಿನ ಊಟಕ್ಕೆ ಮುಂಚೆ, ಒಂದು ದಿನ ಊಟದ ನಂತರ. ಮಧ್ಯಾಹ್ನದ ನಡುಕ ಮೊದಲ ವಾರದಲ್ಲೇ ನಿಂತಿತು. ಇನ್ನೊಂದು ಸಂಗತಿಯೂ ಗೊತ್ತಾಯಿತು. ಮೊದಲೆಲ್ಲ ಹಸಿದು ಹಸಿದು ಸಂಜೆ ಹೊತ್ತಿಗೆ ಡಬ್ಬಿ ಬಿಚ್ಚಿ ಗಬಗಬ ತಿಂದಾಗ ಸಕ್ಕರೆ ನಿಜವಾಗಿಯೂ ಏರುತ್ತಿದ್ದಿರಬೇಕು. ದಿನಾ ಪಾತಾಳಕ್ಕೆ ಇಳಿಸಿ ಆಕಾಶಕ್ಕೆ ಹತ್ತಿಸುತ್ತಿದ್ದೆನಲ್ಲ ಅಂತ ತಮ್ಮನ ಹತ್ತಿರ ಹೇಳಿಕೊಂಡ. ಟೀ ಅಂಗಡಿಯವನಿಗೆ ಮಾಡಿದ್ದ ತಾಕೀತಿಗೂ ತಿದ್ದುಪಡಿಯಾಯಿತು. ಇವರು ಬೆವೆತು ನಡುಗುತ್ತಿದ್ದರೆ ನನ್ನನ್ನು ಕೇಳಬೇಡ, ಸಕ್ಕರೆ ಕೊಡು, ಉಳಿದ ಹೊತ್ತಲ್ಲಿ ಕೊಟ್ಟರೆ ನೋಡು ಅಂತ ಹೆಂಡತಿ ಹೇಳಿ ಹೋದಳು. ಎರಡು ವಾರದ ಅಂಕಿ ನೋಡಿ ಡಾಕ್ಟರಮ್ಮ ಅಡ್ಡಿಯಿಲ್ಲ, ಕೆಲಸ ಮಾಡಿ ಅಂದರು.

ಆದರೂ ಶೇವಿಂಗಿನವರನ್ನು ತಮ್ಮನೇ ಕರೆಯುತ್ತಿದ್ದ. ಅವನನ್ನು ದೂರುವ ಹಾಗೂ ಇರಲಿಲ್ಲ, ಅವನು ಹೆದರಿದ್ದು ನಿಜ. ಡಾಕ್ಟರ್ ಅಡ್ಡಿಯಿಲ್ಲ ಅಂದ ಹಾಗೆ ಗಿರಾಕಿಯೂ ಅನ್ನಬೇಕಲ್ಲ. ಕತ್ತರಿಯಣ್ಣ ತನ್ನ ರೇಜರನ್ನು ದಿನಾ ಒರೆಸಿ ಇಡುತ್ತಿದ್ದ, ಬಳಸುತ್ತಿರಲಿಲ್ಲ.

ಒಂದು ಮಧ್ಯಾಹ್ನ ಸಿಸ್ಟರ್ ಮತ್ತೆ ತಂದೆಯನ್ನು ಕರೆದುಕೊಂಡು ಬಂದರು. ತಮ್ಮ ಥಟ್ಟನೆ ತನ್ನ ಕುರ್ಚಿ ಒರೆಸಿ, ಇತ್ತ ಬನ್ನಿ ಅಂದ. ಹಿರಿಯರು ಕೋಲು ಊರುತ್ತ ಅವನನ್ನು ದಾಟಿ ಹೋಗಿ ಕತ್ತರಿಯಣ್ಣನ ಕುರ್ಚಿಯಲ್ಲಿ ಕೂತರು.  ಬೆಂಚಿನಲ್ಲಿದ್ದ ಭಾವ ಓದುತ್ತಿದ್ದ ಪೇಪರನ್ನು ಮಡಚಿಟ್ಟ.

ಹಿರಿಯರು ಕನ್ನಡಿಯಲ್ಲಿ ಅವನ ಮುಖ ನೋಡಿದರು.

"ಊಟ ಆಯ್ತಾ?"

"ಆಯ್ತು ಯಜಮಾನ್ರೆ. ಈಗ ಸ್ವಲ್ಪ ಹೊತ್ತಿನ ಮುಂಚೆ. ನೋಡ್ಕೊಂಡೂ ಇದ್ದೀನಿ, ನೂರಾ ಮೂವತ್ತು."

"ಹಾಗಾದ್ರೆ ಸರಿ" ಅಂದವರೇ ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಒರಗಿಸಿ, ಕುತ್ತಿಗೆ ಎತ್ತಿ ಕೊಟ್ಟರು.

ಕತ್ತರಿಯಣ್ಣ ರೇಜರ್ ತೆಗೆದುಕೊಂಡ. ಕೈ ಕಲ್ಲಿನಂತೆ ಗಟ್ಟಿಯಾಗಿತ್ತು.

ಇಷ್ಟು ಕೇಳಿದ ನೀವು ಈಗ ನಿಮ್ಮ ಮನೆಯ ಕಡೆ ಒಂದು ಸಲ ನೋಡಿ. ಅಲ್ಲಿಯೂ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರೋ ಇನ್ಸುಲಿನ್ ಚುಚ್ಚಿಕೊಳ್ಳುವವರೋ ಇರಬಹುದು. ಅದು ನೀವೇ ಆಗಿರಬಹುದು. ಎಲ್ಲ ಮಾತ್ರೆಯೂ ಒಂದೇ ಅಲ್ಲ. ಕೆಲವು ಊಟಕ್ಕೆ ಮುಂಚೆ, ಕೆಲವು ಊಟದ ಜೊತೆಗೆ, ಕೆಲವು ಊಟದ ನಂತರ. ನಿಮ್ಮದು ಯಾವುದು, ಊಟ ತಡವಾದರೆ ಏನು ಮಾಡಬೇಕು ಅಂತ ಡಾಕ್ಟರನ್ನೋ ಸಿಸ್ಟರನ್ನೋ ಬಾಯಿಬಿಟ್ಟು ಕೇಳಿ. ನೀವು ಎಷ್ಟು ಹೊತ್ತಿಗೆ ಉಣ್ಣುತ್ತೀರಿ ಅಂತ ಅವರಿಗೂ ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ. ಬೆವರು, ನಡುಕ, ಎದೆ ಬಡಿತ, ವಿನಾಕಾರಣ ಸಿಟ್ಟು, ಮಂಕು ಕವಿದ ಹಾಗಾಗುವುದು ಬಂದರೆ ಸಕ್ಕರೆ ಏರಿದೆ ಅಂತ ನಿಮಗೆ ನೀವೇ ತೀರ್ಮಾನ ಮಾಡಬೇಡಿ, ಯಂತ್ರದಲ್ಲಿ ನೋಡಿ. ಎಪ್ಪತ್ತಕ್ಕಿಂತ ಕೆಳಗಿದ್ದರೆ ಮೂರು ನಾಲ್ಕು ಚಮಚ ಸಕ್ಕರೆ ಕಲಸಿದ ನೀರು ಕುಡಿದು, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಸರಿಹೋದ ಮೇಲೆ ಊಟ ಮಾಡಿ. ಯಂತ್ರ ಕೈಗೆ ಸಿಗದಿದ್ದರೂ ಸಕ್ಕರೆ ನೀರಿಗೆ ತಡ ಮಾಡಬೇಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ, ಒಂದು ಪಕ್ಕಕ್ಕೆ ಮಲಗಿಸಿ, ಕೂಡಲೇ ಆಸ್ಪತ್ರೆಗೆ ಸೇರಿಸಿ.

ಕತ್ತರಿಯಣ್ಣನ ಹೆಂಡತಿ ಈಗಲೂ ಮಧ್ಯಾಹ್ನ ಫೋನ್ ಮಾಡುತ್ತಾಳೆ. ಮಾತ್ರೆಗಿಂತ ಮುಂಚೆ ಊಟದ ಮಾತು ಕೇಳುತ್ತಾಳೆ. ಊಟ ಆಯ್ತಾ ಅಂತ ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುವ ಜನ ನಾವು, ಉತ್ತರಕ್ಕೆ ಕಿವಿ ಕೊಡದೆ ಮುಂದೆ ಹೋಗುವುದೂ ನಾವೇ. ಮಾತ್ರೆ ನುಂಗುವವರು ನಿಮ್ಮ ಮನೆಯಲ್ಲಿದ್ದರೆ, ಇವತ್ತು ಅವರನ್ನು ಕೇಳಿ, ಉತ್ತರ ಬರುವ ತನಕ ನಿಲ್ಲಿ.